ಎರಡನೆಯ ಗುಂಪಿನ ಅಪ್ಪ

ವಡೋದರಾ
೧೯ ಸೆಪ್ಟೆಂಬರ್ ೨೦೦೪, ಚೌತಿಯ ಮರುದಿನ

ಮುದ್ದಿನ ಚೈತ್ರಾ,

ಹೇಗಿದ್ದೀ ಮಗಳೇ? ಕಳೆದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ವಸ್ತ್ರಾಪುರದ ನಿನ್ನ ಆಫೀಸಿನಲ್ಲಿ ಕಂಪ್ಯೂಟರುಗಳಿಗಾಗಿ ಹಗಲಿಡೀ ಏಸಿ ಹಾಕಿರುತ್ತಾರೆ ಎಂದಿದ್ದೆ. ಕೊರಳಿಗೊಂದು ಶಾಲು ಸುತ್ತಿಕೊಂಡು ಕೂರು, ನಗುವವರು ನಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ನಿನ್ನೆ ಸಂಘದ ಗಣಪತಿಯ ಹತ್ತಿರ ಎಲ್ಲರೂ ನಿನ್ನನ್ನೇ ಕೇಳಿದರು. ನಾನು ಕಡುಬು ಮಾಡಿದ್ದೆ, ನಿನ್ನ ಪಾಲನ್ನೂ ನಾನೇ ತಿಂದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕಣ್ಣಿಗೆ ಏನೂ ಆಗಿಲ್ಲ. ಪೇಪರನ್ನು ಪೂರ್ತಿ ಓದುತ್ತೇನೆ, ಓದಿ ಪೂರ್ತಿ ಸಿಟ್ಟಾಗುತ್ತೇನೆ, ಸಂಪಾದಕರಿಗೆ ಬರೆಯುತ್ತೇನೆ, ಅವರು ಹಾಕುವುದಿಲ್ಲ. ನಿನ್ನ ಅಪ್ಪನ ಆರೋಗ್ಯ ಹೇಗಿದೆ ಎನ್ನುವುದನ್ನು ಬರೆಯಲಿಕ್ಕೇ ಈಗ ಕೂತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅತ್ತೆ ಎನ್ನುತ್ತೀ. ಮನೆಯ ಫೋನು ಅವನ ಮಂಚದ ಪಕ್ಕದಲ್ಲೇ ಇದೆ. ಎರಡು ಸಲ ಬೂತಿಗೆ ಹೋಗಿ ಮಾಡಿದೆ. ನೀನು ಮೀಟಿಂಗಿನಲ್ಲಿದ್ದೆ. ಆಮೇಲೆ ನೀನು ಮನೆಗೇ ಮಾಡಿದೆ, ಅವನೇ ಎತ್ತಿಕೊಂಡು ಸಾಂಬಾರಿನ ಹುಡಿಯ ವಿಷಯ ಮಾತಾಡಿ ಇಟ್ಟುಬಿಟ್ಟ. ಅಲ್ಲದೆ ಇದು ಬೂತಿನಲ್ಲಿ ನಿಂತು, ಹಿಂದಿನವರು ಕೆಮ್ಮುತ್ತಿರುವಾಗ ಹೇಳುವ ಮಾತಲ್ಲ.

ಆಗಸ್ಟಿನಲ್ಲಿ ಅಪ್ಪ ಜಾಗದ ಕೆಲಸಕ್ಕೆ ಊರಿಗೆ ಹೋಗಿದ್ದಾನೆ ಎಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಅವನು ಇಲ್ಲೇ ಆಸ್ಪತ್ರೆಯಲ್ಲಿದ್ದ. ಬಲಗಾಲಿನ ಎರಡು ಬೆರಳುಗಳನ್ನು ತೆಗೆದುಬಿಟ್ಟರು. ಕೂತುಕೊಂಡು ಓದು ಮಗಳೇ, ಇನ್ನೂ ಇದೆ.

ನಮ್ಮ ಹೋಟೆಲಿನ ಅಡಿಗೆಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ ಎಂಬುದು ನಿನಗೆ ಗೊತ್ತು. ಬೆಂಕಿ ಇರುವ ಜಾಗ, ಅನ್ನ ಬೇಯುವ ಜಾಗ. ಅಲ್ಕಾಪುರಿಗೆ ಬಂದು ಅಂಗಡಿ ಹಾಕಿದ ದಿನದಿಂದ ನಿನ್ನ ಅಪ್ಪ ಆ ಒಲೆಯ ಮುಂದೆ ಬರಿಗಾಲಲ್ಲೇ ನಿಂತವನು. ಮಳೆಗಾಲದ ಮೊದಲಲ್ಲಿ ಇಡ್ಲಿ ಬೇಯಿಸುವ ಅಟ್ಟದ ಕುದಿನೀರು ಚೆಲ್ಲಿ ಪಾದಕ್ಕೆ ಬಿದ್ದಿದೆ. ಸಕ್ಕರೆ ಕಾಯಿಲೆಯ ಪಾದ, ಅವನಿಗೆ ಬಿಸಿಯೇ ತಾಗಲಿಲ್ಲ. ಹಾಸಿಗೆಯ ಮೇಲಿನ ಕಲೆ ಕಂಡು ನಾನು ಕೇಳಿದಾಗ, ಎಂತದೂ ಇಲ್ಲ ಎಂದು ಕಾಲು ಮಡಚಿಕೊಂಡ. ಆಮೇಲೆ ವಾಸನೆ ಬಂತು. ಆಮೇಲೆ ಜ್ವರ ಬಂದು ಎಚ್ಚರ ತಪ್ಪಿದ ಮೇಲೆಯೇ ಅವನನ್ನು ಎತ್ತಿಕೊಂಡು ಹೋಗಲು ಸಾಧ್ಯವಾದದ್ದು.

ಎಚ್ಚರವಾದಾಗ ನನ್ನ ಕೈ ಹಿಡಿದುಕೊಂಡು ಹೇಳಿದ ಮೊದಲ ಮಾತು ಇದು: “ಅಕ್ಕ, ಚೈತ್ರಂಗೆ ಹೇಳ್ಬೇಡ. ನಾನು ಅವಳ ಪರೀಕ್ಷೆಯಲ್ಲಿದ್ದೇನೆ.” ಜ್ವರದ ಬಡಬಡಿಕೆ ಎಂದುಕೊಂಡೆ. ಅಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ನೀನು ಫೋನಿನಲ್ಲಿ ಅತ್ತಿದ್ದೆ, ನೆನಪಿದೆಯೇ? ಅಹಮದಾಬಾದಿನಲ್ಲಿ ಜನ ಸಿಕ್ಕರು, ಸೂರತ್ತಿನಲ್ಲಿ ಸಿಕ್ಕರು, ವಡೋದರಾದಲ್ಲಿ ಮಾತ್ರ ಸಕ್ಕರೆ ಕಾಯಿಲೆಯವರು ನಿಮ್ಮ ಅಧ್ಯಯನಕ್ಕೆ ಸೇರುತ್ತಿಲ್ಲ, ಹೀಗಾದರೆ ಇಲ್ಲಿಯದನ್ನು ನಿಲ್ಲಿಸುತ್ತಾರೆ, ನೀನು ರಾತ್ರಿ ಹಗಲು ಕೂತು ಬರೆದ ಪಾಠಗಳೆಲ್ಲ ವ್ಯರ್ಥ ಎಂದು. ಮಾರನೆಯ ದಿನವೇ ಇವನು ಹೋಗಿ ಸೇರಿಬಿಟ್ಟ. ನಿಮ್ಮ ಅಧ್ಯಯನದ ಹುಡುಗಿ ಹೇತಲ್ ನಮ್ಮಲ್ಲಿಗೇ ಇಡ್ಲಿ ತಿನ್ನಲು ಬರುವವಳು. ಸಂಬಂಧಿಕರು ಯಾರಾದರೂ ಇದರಲ್ಲಿ ಕೆಲಸಕ್ಕಿದ್ದಾರೆಯೇ ಎಂದು ಅವಳು ಕೇಳಿದ್ದಕ್ಕೆ ಇಲ್ಲ ಎಂದಿದ್ದಾನೆ. ಪಿ. ಉಪಾಧ್ಯ ಎಂಬವನು ಯಾರೆಂದು ಅವಳಿಗೇನು ಗೊತ್ತು? ನಿನ್ನ ಕಡೆಗೆ ಬರುವುದು ಬರೀ ನಂಬರು. ಅಷ್ಟೇ ಅಲ್ಲ, ಹೋಟೆಲಿಗೆ ಬರುವ ಸಕ್ಕರೆಯವರನ್ನೆಲ್ಲ ಕಾಫಿ ಕುಡಿಸಿ ಪುಸಲಾಯಿಸಿ ಸೇರಿಸಿದವನೂ ಅವನೇ.

ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ನಿನ್ನ ಪಾಠಗಳ ವೆಬ್‌ಸೈಟು, ಇನ್ನರ್ಧಕ್ಕೆ ಮೊದಲಿಂದ ಕೊಡುತ್ತಿದ್ದ ಒಂದು ಹಾಳೆ ಮಾತ್ರ ಎಂದು ನೀನೇ ನನಗೆ ವಿವರಿಸಿದ್ದೆ. ಅಪ್ಪ ಹಾಳೆಯ ಗುಂಪಿಗೆ ಬಿದ್ದ. ಹೇತಲ್ ಅವನಿಗೆ ಹೇಳಿದ್ದು, “ಕಾಕಾ, ತಮೇ ಕಶು ಬದಲಶೋ ನಹಿ.” ನೀವು ಏನನ್ನೂ ಬದಲಿಸಬೇಡಿ. ಆ ಮಗು ಹೇಳಿದ್ದು, ವೆಬ್‌ಸೈಟು ನೋಡಬೇಡಿ, ನಿಮ್ಮ ಡಾಕ್ಟರ ಹತ್ತಿರ ಹೋಗುತ್ತಿದ್ದ ಹಾಗೇ ಹೋಗಿ ಎಂಬ ಅರ್ಥದಲ್ಲಿ. ಅವನು ಕೇಳಿಸಿಕೊಂಡದ್ದು ಹೋಟೆಲಿನವನ ಕಿವಿಯಲ್ಲಿ.

ಹೊಸ ಅಕ್ಕಿ ಬಂದಾಗ ಅವನು ಏನು ಮಾಡುತ್ತಾನೆ, ನೀನು ಸಣ್ಣವಳಿದ್ದಾಗಿನಿಂದ ನೋಡಿದ್ದೀ. ಎರಡು ಪಾತ್ರೆ ಹಿಟ್ಟು. ಒಂದರಲ್ಲಿ ಹೊಸ ಅಕ್ಕಿ, ಇನ್ನೊಂದರಲ್ಲಿ ಹಳೆಯದು. ಅದೇ ಉದ್ದು, ಅದೇ ನೀರು, ಅದೇ ಮೂಲೆ. ಹಳೆಯ ಪಾತ್ರೆಯ ಹಿಟ್ಟು ಹುಳಿ ಬಾರದೆ ಕೂತರೂ ಯಾರೂ ಮುಟ್ಟುವಂತಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಅದನ್ನೇ ನನಗೆ ಪಾಠ ಮಾಡಿದ. “ಅದಕ್ಕೆ ಒಂದು ಚಿಟಿಕೆ ಸೋಡಾ ಹಾಕಿದ್ರೆ ಮತ್ತೆ ಹೊಸ ಅಕ್ಕಿಯ ಗುಣ ಹೇಗೆ ಗೊತ್ತಾಗೋದು ಅಕ್ಕ? ನಾನು ಹಳೇ ಪಾತ್ರೆ ಮಾರಾಯ್ತಿ. ಕೆಟ್ರೆ ಕೆಡ್ಬೇಕು.” ನನಗೆ ಕೋಪ ಬಂದು, ನೀನು ಹಿಟ್ಟಲ್ಲ, ಮನುಷ್ಯ ಎಂದೆ. “ಎಲ್ಲರೂ ಹಾಗೇ ಹೇಳಿದ್ರೆ ಅವಳಿಗೆ ಹೋಲಿಸ್ಲಿಕ್ಕೆ ಯಾರು ಸಿಗ್ತಾರೆ?” ಎಂದ. ನಿಮ್ಮ ಅಧ್ಯಯನದ ತಿರುಳನ್ನು ನಿಮ್ಮ ದೊಡ್ಡ ಡಾಕ್ಟರುಗಳಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದ, ತಪ್ಪಾಗಿ ತಿಳಿದುಕೊಂಡಿದ್ದ, ಎರಡೂ ಒಟ್ಟಿಗೆ.

ಈಗ ಹಿಂದಿನದೆಲ್ಲ ಅರ್ಥವಾಗುತ್ತಿದೆ. ಯುಗಾದಿಯ ಸುಮಾರಿಗೆ ನೀನು ಪಾದದ ಪಾಠವನ್ನು ನನಗೆ ಫೋನಿನಲ್ಲಿ ಓದಿ ಹೇಳಿದ್ದೆ. ದಿನವೂ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ, ಸುಟ್ಟರೂ ನಿಮಗೆ ತಿಳಿಯಲಿಕ್ಕಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದಾಳೆ ಎಂದು ನಾನು ಅವನಿಗೆ ಹೇಳಹೊರಟರೆ ಎದ್ದೇ ಹೋದ. “ಅದನ್ನ ನನಗೆ ಹೇಳ್ಬೇಡ ಅಕ್ಕ, ನಾನು ಆ ಗುಂಪಿನವನಲ್ಲ.” ತಮಾಷೆ ಎಂದುಕೊಂಡೆ. ಬ್ಯಾಂಕಿನಿಂದ ನಿವೃತ್ತರಾದ ಶೇಷಾದ್ರಿಗಳು ವೆಬ್‌ಸೈಟಿನ ಗುಂಪಿಗೆ ಬಿದ್ದವರು. ಮನೆಯಲ್ಲಿ ಇಂಟರ್ನೆಟ್ ಹಾಕಿದರೆ ಫೋನು ಸಿಗುವುದಿಲ್ಲ ಎಂದು ಸೊಸೆ ಸಿಡುಕುತ್ತಾಳೆ, ಅದಕ್ಕೆ ಪಾಠಗಳನ್ನು ಪ್ರಿಂಟ್ ತೆಗೆಸಿಕೊಂಡು ನಮ್ಮಲ್ಲಿಗೆ ಬಂದು ದೋಸೆಯ ಜೊತೆ ಗಟ್ಟಿಯಾಗಿ ಓದುತ್ತಿದ್ದರು. ಅವರು ಜೇಬಿನಿಂದ ಕನ್ನಡಕ ತೆಗೆದ ಕೂಡಲೇ ನಿನ್ನ ಅಪ್ಪ ಒಳಗೆ ಓಡುತ್ತಿದ್ದ. “ಏನ್ರೀ ಉಪಾಧ್ಯರೇ, ಪಾಠ ಅಂದ್ರೆ ಎದ್ದೋಗ್ತೀರಲ್ಲ, ಸ್ಕೂಲಲ್ಲೂ ಹಿಂಗೇನಾ?” “ಒಳಗೆ ಸಾಂಬಾರು ಉಕ್ತಾ ಉಂಟು ಮಾರಾಯ್ರೆ!” ಕೂತವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಶೇಷಾದ್ರಿಗಳು ಈಗ ದಪ್ಪ ಚಪ್ಪಲಿ ಹಾಕಿಕೊಂಡು ದಿನವೂ ಕಮಾಟಿಬಾಗ್ ತೋಟವನ್ನು ಸುತ್ತುತ್ತಾರೆ. ಅವರು ಚೆನ್ನಾಗಿರಲಿ. ಅವರು ದೋಸೆಗೆ ಬಂದಾಗ ನನ್ನ ಕಣ್ಣು ಅವರ ಚಪ್ಪಲಿಯ ಮೇಲೇ ಇರುತ್ತದೆ.

ತಪಾಸಣೆಗೆ ಹೋದಾಗಲೆಲ್ಲ ರಕ್ತ ತೆಗೆದುಕೊಂಡು ಪ್ರಶ್ನೆಗಳನ್ನು ಕೇಳುತ್ತಿದ್ದರಂತೆ. ಪಾದಗಳನ್ನು ದಿನವೂ ನೋಡಿಕೊಳ್ಳುತ್ತೀರಾ? ಇಲ್ಲ. ಜುಲೈಯಲ್ಲೂ ಕೇಳಿದ್ದಾರೆ, ಆಗ ಗಾಯ ಆಗಿಹೋಗಿತ್ತು, ಆಗಲೂ ಪ್ರಾಮಾಣಿಕವಾಗಿ ಇಲ್ಲ ಎಂದಿದ್ದಾನೆ. ಕೇಳಿದವರು ಉತ್ತರ ಬರೆದುಕೊಂಡರು, ಬಗ್ಗಿ ನೋಡಲಿಲ್ಲ. ನಿನ್ನ ವಾದ ನನಗೆ ಗೊತ್ತು: ಹೋಲಿಸಿ ನೋಡದೆ ಯಾವುದು ಉಪಯೋಗ, ಯಾವುದು ಅಲ್ಲ ಎಂದು ತಿಳಿಯುವುದಿಲ್ಲ; ತಿಳಿಯದೆ ಊರಿಗೆಲ್ಲ ಹಂಚಿದರೆ ಅದೂ ಮೋಸವೇ. ಒಪ್ಪುತ್ತೇನೆ. ಹೊಸ ಮಾತ್ರೆಯಾದರೆ ಹಾಗೆ ಮಾಡಿ. ಆದರೆ ಪಾದ ನೋಡಿಕೋ ಎಂಬ ಒಂದು ಮಾತಿನಲ್ಲಿ ಒರೆಗೆ ಹಚ್ಚಲು ಏನಿದೆ? ಆ ಹಾಳೆಯಲ್ಲಿ ಸಿಹಿ ತಿನ್ನಬೇಡಿ, ವಾಕಿಂಗ್ ಮಾಡಿ ಎಂದಿದೆಯೇ ಹೊರತು ಪಾದದ ಸುದ್ದಿಯೇ ಇಲ್ಲ.

ನಾನು ಹಳೆಯ ಕಾಲದವಳು, ಹಳೆಯದನ್ನೇ ಹೊಗಳುತ್ತೇನೆ ಎಂದುಕೊಳ್ಳಬೇಡ. ಸಿಡುಬಿನ ಕಾಲದಲ್ಲಿ ಕಾಯಿಲೆ ಬಂದ ಮಗುವಿನ ಚಿತ್ರ ಹಿಡಿದುಕೊಂಡು, ಇಂಥವರು ಇದ್ದಾರೆಯೇ ಎಂದು ಬಾಗಿಲು ಬಾಗಿಲಿಗೆ ಬರುತ್ತಿದ್ದವರನ್ನು ನಾನು ಕಂಡಿದ್ದೇನೆ. ತೊಂಬತ್ತನಾಲ್ಕರಲ್ಲಿ ಸೂರತ್ತಿಗೆ ಪ್ಲೇಗ್ ಬಂದಾಗ ನಾನು ಅಲ್ಲಿಯ ವಿಮಾ ಆಫೀಸಿನಲ್ಲಿದ್ದೆ. ಊರಿಗೆ ಊರೇ ರೈಲು ಹತ್ತಿ ಓಡಿತು, ಡಾಕ್ಟರುಗಳೂ ಓಡಿದರು. ಉಳಿದ ನಮ್ಮ ಗಲ್ಲಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬಳು ನರ್ಸು ಬಂದು, ಎದುರಿಗೇ ನಿಲ್ಲಿಸಿ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿ ಮುಂದಿನ ಮನೆಗೆ ಹೋದಳು. ನೀವು ಯಾವ ಗುಂಪಿನವರು ಎಂದು ಅವಳು ಕೇಳಲಿಲ್ಲ. ಆ ಸರಕಾರ ಒಳ್ಳೆಯದಿತ್ತು ಎನ್ನುತ್ತಿಲ್ಲ, ಊರನ್ನು ಕೊಳೆಯಲು ಬಿಟ್ಟದ್ದೂ ಅದೇ. ಆದರೆ ಬಾಗಿಲಿಗೆ ಒಬ್ಬ ಮನುಷ್ಯ ಬರುತ್ತಿದ್ದ. ಈಗ ಮನುಷ್ಯನನ್ನು ಕಳಿಸುವುದು ದುಬಾರಿಯಂತೆ, ಅದಕ್ಕೆ ಅವನ ಬದಲು ಕಂಪ್ಯೂಟರಿನ ಪರದೆ ಸಾಕೇ ಎಂದು ಪರೀಕ್ಷೆ.

ನಿನ್ನ ಮೇಲೆ ಕೂಗಾಡುತ್ತಿಲ್ಲ. ನೀನು ಒಳ್ಳೆಯದಕ್ಕೇ ದುಡಿದೆ, ಅವನೂ ಒಳ್ಳೆಯದಕ್ಕೇ ಸೇರಿದ. ಕೆಟ್ಟವರು ಯಾರೂ ಸಿಗದ ಇಂಥ ಕಡೆ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಈಗ ಮನೆಯಲ್ಲಿ ನಡೆಯುತ್ತಿರುವುದನ್ನು ಕೇಳು. ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿ ಪೆಟ್ಟಿಗೆಯಲ್ಲೇ ಇದೆ. ಇನ್ಸುಲಿನ್ ಬೇಡವಂತೆ. ಒಲೆಯ ಮುಂದೆ ಕುಂಟಿಕೊಂಡು, ಬರಿಗಾಲಲ್ಲಿ, ಮತ್ತೆ ನಿಂತಿದ್ದಾನೆ. ಬೆರಳು ಕೊಯ್ದ ಮೇಲೆ ಇನ್ನೇನು ಉಳಿಯಿತು ನಿನ್ನ ವ್ರತ ಎಂದರೆ, “ಕೊಯ್ದದ್ದು ಡಾಕ್ಟ್ರು. ನಾನಾಗಿ ಎಂತದೂ ಬದಲಿಸ್ಲಿಲ್ಲ. ದೀಪಾವಳಿಗೆ ವರ್ಷ ತುಂಬ್ತದೆ, ಮತ್ತೆ ಎಲ್ಲ ಹಾಕಿಕೊಳ್ತೇನೆ” ಎನ್ನುತ್ತಾನೆ. ನಿನಗೆ ತಿಳಿದರೆ ನೀನು ಮೇಲಿನವರಿಗೆ ಹೇಳಲೇಬೇಕಾಗುತ್ತದೆ, ನಿನ್ನ ಕೆಲಸ ಹೋಗುತ್ತದೆ, ವಡೋದರಾದ ಲೆಕ್ಕವನ್ನೇ ಕಸಕ್ಕೆ ಹಾಕುತ್ತಾರೆ ಎಂಬುದು ಅವನ ಭಯ; ಗಾಯ ಕಂಡು ವಿಚಾರಿಸಿಯಾರೆಂದು ಈ ತಿಂಗಳ ತಪಾಸಣೆಗೂ ಹೋಗಲಿಲ್ಲ. ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗೂ ಇಲ್ಲ. ಶಾರದೆ ಇದ್ದಿದ್ದರೆ ಗಂಡನಿಗೆ ಸೌಟಿನಲ್ಲಿ ಹೊಡೆದಾದರೂ ಚಪ್ಪಲಿ ಹಾಕಿಸುತ್ತಿದ್ದಳು. ನಿನ್ನ ಅಮ್ಮನ ಆ ಗಂಟಲು ನನಗೆಲ್ಲಿಂದ ಬರಬೇಕು? ನಾನು ಹೇಳಿ ಸೋತೆ. ಈಗೀಗ ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಪುಸ್ತಕ ಮುಚ್ಚಿ ಗೋಡೆಯ ಕಡೆ ತಿರುಗಿ ಕೂರುತ್ತೇನೆ.

ನಿನ್ನನ್ನು ದೇವರು ಕಾಯಲಿ ಎಂದು ಬರೆಯಲು ಹೊರಟ ಕೈ ನಿಲ್ಲುತ್ತಿದೆ. ನಿನ್ನ ಬುದ್ಧಿ ನಿನ್ನನ್ನು ಕಾಯಲಿ, ನಿನ್ನ ಅಂತಃಕರಣ ಒಣಗದಿರಲಿ. ಗಂಟಲಿಗೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು.

ನಿನ್ನ ತಲೆ ನೇವರಿಸುತ್ತಾ,
ಸುಲೋಚನತ್ತೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕೌಂಟರಿನಲ್ಲಿ ಕೂತಿದ್ದೆ, ಹೇತಲ್ ಬಂದಳು. ಕಾಕಾ ಯಾಕೆ ತಪಾಸಣೆಗೆ ಬರುತ್ತಿಲ್ಲ ಎಂದಳು. ಆಸ್ಪತ್ರೆಯಲ್ಲಿದ್ದ ಎಂದೆ. ಕಣ್ಣು ತುಂಬಿಕೊಂಡಳು. ಆಗಸ್ಟಿಗೂ ಬರಲಿಲ್ಲ, ಈ ತಿಂಗಳೂ ಬರಲಿಲ್ಲವಲ್ಲ, “ಕಾಕಾನೋ ನಂಬರ್ ತೋ ಬಂಧ್ ಕರಿ ದೀಧೋ, ಮಾಸಿ” ಎಂದಳು. ಅವನ ನಂಬರನ್ನು ಮುಚ್ಚಿಬಿಟ್ಟಿದ್ದಾರೆ. ಅಧ್ಯಯನ ಬಿಟ್ಟು ಹೋದವನು ಎಂದು ಬರೆದಿದ್ದಾರಂತೆ. ನಿನ್ನ ಲೆಕ್ಕದಲ್ಲಿ ಆ ಬೆರಳುಗಳೂ ಇಲ್ಲ, ಅವನೂ ಇಲ್ಲ. ಅವನು ಒಳಗೆ ಒಲೆಯ ಮುಂದೆ ನಿಂತಿದ್ದಾನೆ, ಅವನಿಗೆ ಗೊತ್ತಿಲ್ಲ. ಮೇಲೆ ಬರೆಯಲು ಕೈ ಬಾರದ ಇನ್ನೊಂದು ವಿಷಯ: ಎಡಗಾಲಿನ ಹಿಮ್ಮಡಿ ಒಡೆದು ಕಪ್ಪಾಗಿದೆ, ಇವತ್ತು ಬೆಳಿಗ್ಗೆ ಕಂಡೆ. ಪತ್ರ ಸಿಕ್ಕಿದ ದಿನವೇ ಗಾಡಿ ಹತ್ತು. ಅಧ್ಯಯನ ಮುಗಿಯಿತು ಅಪ್ಪ, ನಿಮ್ಮಿಂದ ತುಂಬ ಉಪಯೋಗವಾಯಿತು ಎಂದು ಹೇಳಿ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಂಬರು ಮುಚ್ಚಿದ ಸುದ್ದಿ ಮಾತ್ರ ನಿನ್ನ ಬಾಯಿಂದ ಬರಬಾರದು. ಬೆರಳು ಹೋದದ್ದನ್ನು ಅವನು ತಡೆದುಕೊಂಡ, ಇದನ್ನು ತಡೆದುಕೊಳ್ಳಲಾರ.