ಮಾತಿನ ಪಾಲು

ಚನ್ನಗಿರಿ
19 ನವೆಂಬರ್ 2024, ಮಂಗಳವಾರ
ಹಾಸ್ಟೆಲ್ ಕೋಣೆ. ಉಳಿದವರು ಊಟಕ್ಕೆ ಹೋಗಿದ್ದಾರೆ.

ಪ್ರೀತಿಯ ಅಕ್ಕ,

ನೀನು, ಭಾವ, ಪುಟ್ಟಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಭಾನುವಾರದಿಂದ ನಿನ್ನ ಫೋನು ಎತ್ತಿಲ್ಲ, ಬೇಜಾರಾಗಬೇಡ. ಫೋನಿನಲ್ಲಾದರೆ ನಾನು ಹೇಳಿ ಮುಗಿಸುವ ಮೊದಲೇ ನೀನು ಸಮಾಧಾನ ಮಾಡಲು ಶುರು ಮಾಡುತ್ತೀ. ಅದಕ್ಕೇ ಈ ಕಾಗದ.

ಬಿ.ಎಡ್. ಶುರುವಾಗಿ ತಿಂಗಳಾಗಿಲ್ಲ, ಆಗಲೇ ಗುಂಪು ಕೆಲಸ ಕೊಟ್ಟಿದ್ದಾರೆ. ನಮ್ಮ ಗುಂಪಿನಲ್ಲಿ ಇದೇ ಊರಿನ ಪರಮೇಶ್, ಹೊನ್ನಾಳಿಯ ಕೊಟ್ರೇಶ್, ನ್ಯಾಮತಿಯಲ್ಲಿ ನಿಮ್ಮ ಬೀದಿಯವಳೇ ಆದ ಅರ್ಪಿತಾ, ಮತ್ತೆ ನಾನು. ಮಕ್ಕಳ ಮನೆಮಾತು ಮತ್ತು ಪುಸ್ತಕದ ಮಾತು ಎಂಬ ವಿಷಯ ಸೂಚಿಸಿದವಳು ನಾನು. ದೀಪಾವಳಿಗೆ ಜಗಳೂರಿನ ಮನೆಗೆ ಹೋದಾಗ, ಅವ್ವ ಕುರಿಗಳ ಬಗ್ಗೆ ಆಡುವ, ಪುಸ್ತಕದಲ್ಲಿಲ್ಲದ ಮಾತುಗಳನ್ನೆಲ್ಲ ಕೇಳಿಕೊಂಡು ಬಂದಿದ್ದೆ. ಅವನ್ನು ಸೆಮಿನಾರಿನಲ್ಲಿ ತರಗತಿಯ ಮುಂದೆ ನಾನೇ ನಿಂತು ಹೇಳಬೇಕೆಂಬ ಆಸೆ.

ಶನಿವಾರ ಕ್ಯಾಂಟೀನಿನಲ್ಲಿ ಮೊದಲ ಸಲ ಸೇರಿದೆವು. ಚಹಾ ಬರುವುದರೊಳಗೇ ಲೀಡರ್ ಯಾರೆಂದು ಜಗಳ. "ನಾನೇನು ಎಲೆಕ್ಷನ್‌ಗೆ ನಿಂತೀನೇನ್ರೀ?" ಎಂದ ಪರಮೇಶ್. ಕೊನೆಗೆ ಅವನೇ ಆದ. ಸೆಮಿನಾರಿನ ಮೊದಲ ಭಾಗ ಯಾರು ಮಾತಾಡುತ್ತೀರಿ ಎಂದು ಅವನು ಕೇಳಿದಾಗ ನಾನು ಕೈ ಎತ್ತಿದೆ. ಅರ್ಪಿತಾ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಮಮತಾಗೆ ಮಾತಾಡಾಕೆ ಹಚ್ಚಬ್ಯಾಡ್ರೀ. ಸಣ್ಣಾಕಿದ್ದಾಗಿಂದ ತೊದಲು ಐತೆ. ಪಾಪ, ಅವಳು ಚಾರ್ಟ್ ಬರೀಲಿ."

"ಹಂಗಾದ್ರೆ ಮ್ಯೂಟ್‌ನಾಗೆ ಇಡಾನ ಬಿಡ್ರಿ!" ಎಂದು ಕೊಟ್ರೇಶ್ ನಕ್ಕ.

'ನನಗೆ ಆಗುತ್ತದೆ' ಎನ್ನಲು ಹೋದೆ. 'ನ' ಎಂಬಲ್ಲೇ ನಾಲಿಗೆ ನಿಂತಿತು. ಹೈಸ್ಕೂಲಿನ ನಂತರ ಹೀಗೆ ಆಗಿದ್ದು ಇದೇ ಮೊದಲು. ಕೊಟ್ರೇಶನ ನಗು ಕೂಡ ನಿಂತಿತು. "ನೋಡಿದ್ರಾ?" ಎಂದಳು ಅರ್ಪಿತಾ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳ ಮುಖದಲ್ಲಿ ಇದ್ದದ್ದು ಕರುಣೆ. ಗೆಳತಿ ಎಂದುಕೊಂಡಿದ್ದೆ ಅಕ್ಕ. ಚಾರ್ಟ್ ನನ್ನ ಪಾಲಿಗೆ ಬಂತು. ಅವ್ವನ ಮಾತುಗಳಿರುವ ಮೊದಲ ಭಾಗ ಅರ್ಪಿತಾಳ ಪಾಲಿಗೆ.

ಇಲ್ಲಿ ಚಳಿ ಶುರುವಾಗಿದೆ. ಊಟ ಪರವಾಗಿಲ್ಲ. ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ಒಳ್ಳೆಯದಾಗಲಿ, ಯಾರಿಗೂ ಹೆದರದೆ ಬೆಳೆಯಲಿ.

ನಿನ್ನ ತಂಗಿ
ಮಮತಾ

ತಾ.ಕ.: ಆಮೇಲೆ ಅರ್ಪಿತಾಳನ್ನು ಕೇಳಿದೆ, ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ನನ್ನ ತೊದಲು ನಿನಗೆ ಹೇಗೆ ಗೊತ್ತಾಯಿತು ಎಂದು. "ನಿಮ್ಮಕ್ಕನೇ ಹೇಳಿದ್ರು ಕಣೇ. ನಾಕು ಜನರ ಮುಂದೆ ನಿಲ್ಲಾಕೆ ಬಿಡಬ್ಯಾಡ, ನಗ್ತಾರೆ ಅಂದ್ರು," ಎಂದಳು. ನೀನು ಪ್ರೀತಿಯಿಂದಲೇ ಹೇಳಿರುತ್ತೀ, ಗೊತ್ತು. ಮೇಷ್ಟ್ರಾಗಲು ಬಂದವಳ ಬಗ್ಗೆ ಹೇಳಿದ್ದೀ, ಅದೂ ಗೊತ್ತು. ನಾಳೆ ಗುಂಪು ಮತ್ತೆ ಸೇರುತ್ತದೆ. ಮೊದಲ ಭಾಗ ನನ್ನದು ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ. ಹೇಳುವಾಗ ಮಾತು ನಿಂತರೆ, ಅದು ಬರುವವರೆಗೆ ಅವರು ಕಾಯಲಿ.