ತುದಿ ಮುಟ್ಟದೆ ನಿಂತ ರೆಕ್ಕೆ

ಅಕ್ಕಾ,

ಝೀಲಂಡಿನ ಈ ಊರಲ್ಲಿ ದುರಸ್ತಿಯಾದ ಹಳೆಯ ಗಾಳಿಗಿರಣಿಗೆ ನಾನು ಗಿರಣಿಗಾರನಾಗಿ ಬಂದು ಮೂರು ತಿಂಗಳಾಯಿತು. ಇಂದು ಶಾಲೆಯ ಮಕ್ಕಳು ನೋಡಲು ಬಂದಿದ್ದರು. ಮೇಲಿನ ರೆಕ್ಕೆ ಸುತ್ತಿನ ತುತ್ತತುದಿ ಮುಟ್ಟುವ ಮೊದಲೇ ತುಸು ಓರೆಯಾಗಿ ನಿಂತಿದ್ದನ್ನು ಕಂಡು ಯೆಲ್ಕೆ ಎಂಬ ಹುಡುಗಿ, “ಅಜ್ಜಾ, ಗಿರಣಿ ಕೆಟ್ಟೋಗಿದ್ಯಾ?” ಎಂದಳು.

“ಇಲ್ಲ ಕಣಮ್ಮ. ಮನೆಗೆ ಸಂತೋಷ ಬರೋದಿದ್ರೆ ಹಿಂಗೇ ನಿಲ್ಲಿಸಿ ಊರಿಗೆ ತಿಳಿಸ್ತೀವಿ. ನಮ್ಮಕ್ಕ ಬರ್ತಾಳೆ.”

“ಯಾವತ್ತು?”

“ಕಾಗದ ಬಂದಿಲ್ಲ.”

“ಹಂಗಾದ್ರೆ ಊರಿಗೆಲ್ಲ ಸುಳ್ಳು ಹೇಳಿದೀರಿ.”

ನೀನು ರಜೆಗೆ ಮನೆಗೆ ಬರುವ ದಿನ ಅಪ್ಪ ತಮ್ಮ ಗಿರಣಿಯ ರೆಕ್ಕೆಯನ್ನು ಹೀಗೆಯೇ ನಿಲ್ಲಿಸುತ್ತಿದ್ದರಲ್ಲ. ನಿನ್ನ ಮುಖ ನೋಡಿ ನಾಲ್ಕು ವರ್ಷವಾಯಿತು.

ನನ್ನ ಮಂಡಿನೋವು ಈಗ ಪರವಾಗಿಲ್ಲ. ಶನಿವಾರ ಗೋಧಿ ಬೀಸಬೇಕು, ರೆಕ್ಕೆಯನ್ನು ತಿರುಗಲು ಬಿಡಲೇಬೇಕು. ಅಷ್ಟರೊಳಗೆ ಬಂದುಬಿಡು. ಆ ಹುಡುಗಿಯ ಮನೆ ಗಿರಣಿಯ ಎದುರಿಗೇ ಇದೆ; ನೀನು ಬಂದೆಯೋ ಇಲ್ಲವೋ ಎಂದು ನೋಡುತ್ತಲೇ ಇರುತ್ತಾಳೆ.

ವೀಬೆ