ಬೈಕ್ ಹತ್ತದ ದಿನ

ಅಜ್ಜಂಪುರ

ಪ್ರೀತಿಯ ಲೋಹಿತ್ ಅವರಿಗೆ,

ಅಮ್ಮನ ಮನೆಯಿಂದ ಕರೆದೊಯ್ಯಲು ಬಂದಾಗ ನಾನು ನಿಮ್ಮ ಬೈಕ್ ಹತ್ತಲಿಲ್ಲ. “ಬರೋಕೆ ಇಷ್ಟ ಇಲ್ದಿದ್ರೆ ಹೇಳ್ಬಿಡೇ,” ಎಂದು ಹೊರಟುಬಿಟ್ಟಿರಿ. ಆಮೇಲೆ ಫೋನೂ ಎತ್ತಲಿಲ್ಲ. ನಿಜವಾಗಿ ನನಗೆ ಕೂರಲು ಆಗುತ್ತಿರಲಿಲ್ಲ. ಎಂ.ಎ. ಕನ್ನಡ ಓದಿದವಳಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಯೋನಿದ್ವಾರದ ಎರಡೂ ಬದಿ ಪಸೆ ಕೊಡುವ ಪುಟ್ಟ ಗ್ರಂಥಿಗಳಿವೆಯಂತೆ. ಒಂದರ ನಾಳ ಕಟ್ಟಿಕೊಂಡು ಊದಿ, ಕೀವಾಗಿತ್ತು. ತರೀಕೆರೆಯ ಡಾಕ್ಟರಮ್ಮ ಕೊಯ್ದು ಕೀವು ತೆಗೆದರು. “ಬೇಕಾದಷ್ಟು ಹೆಂಗಸರಿಗೆ ಆಗುತ್ತೆ ಕಣಮ್ಮ, ಗಂಡನಿಗೆ ಹೇಳೋಕೇನು ನಾಚಿಕೆ?” ಎಂದರು. ದಿನವೂ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುತ್ತಿದ್ದೇನೆ; ನೋವು ಇಳಿದಿದೆ.

ಭಾನುವಾರ ರೈಲಿನಲ್ಲಿ ಬನ್ನಿ. ಕಡೂರಿನವರೆಗೂ ನಿಮಗೆ ಒರಗಿಕೊಂಡು ಕೂರಬೇಕು.

ನಿಮ್ಮ
ಚೇತನಾ